ಮುರಕಲ್ಲಿನ ಗೋಡೆ ದಾಟದ ವೈಫೈ: ರೂಟರ್ ಎಲ್ಲಿಡಬೇಕು, ವೈರ್ ಹೇಗೆ ಎಳೆಯಬೇಕು

ಫೈಬರ್ ಹಾಕಲು ಬಂದವರು ಕಂಬದಿಂದ ವೈರ್ ಎಳೆದು, ಸಿಟೌಟಿನ ಕಿಟಕಿಯ ಪಕ್ಕ ಒಂದು ತೂತು ಕೊರೆದು, ಅದರ ಒಳಬದಿಯಲ್ಲೇ ರೂಟರನ್ನು ಗೋಡೆಗೆ ಸಿಕ್ಕಿಸಿ ಹೋಗುತ್ತಾರೆ. ಅವರಿಗೆ ಅದು ಹತ್ತಿರದ ದಾರಿ. ಮನೆಯವರಿಗೆ ಚಾವಡಿಯಲ್ಲಿ 100 ಎಂಬಿಪಿಎಸ್ ಬರುತ್ತದೆ, ಹಿಂದಿನ ಕೋಣೆಯಲ್ಲಿ ವಾಟ್ಸಾಪ್ ಕಾಲ್ ಕೂಡ ತುಂಡು ತುಂಡು. ಆಗ ಹೆಚ್ಚಿನವರು ದೊಡ್ಡ ಪ್ಲಾನಿಗೆ ಹೋಗುತ್ತಾರೆ, ಇಲ್ಲವಾದರೆ ಸಿಗ್ನಲ್ ಹಿಡಿದು ಮತ್ತೆ ಹರಡುವ ಒಂದು ರಿಪೀಟರ್ ತರಿಸಿ ಸಿಗ್ನಲ್ ಇಲ್ಲದ ಆ ಕೋಣೆಯ ಪ್ಲಗ್ಗಿಗೇ ಸಿಕ್ಕಿಸುತ್ತಾರೆ. ಎರಡರಲ್ಲೂ ಹಣ ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ರೂಟರಿನ ಜಾಗ ಬದಲಿಸುವುದು, ಅಷ್ಟು ಸಾಲದಿದ್ದರೆ ಮನೆಯೊಳಗೆ ಒಂದು ಲ್ಯಾನ್ ವೈರ್ (ರೂಟರಿಗೆ ಸಾಧನಗಳನ್ನು ಜೋಡಿಸುವ ನೆಟ್ ಕೇಬಲ್) ಎಳೆಯುವುದು: ನಮ್ಮ ಕಡೆಯ ಮನೆಗಳಿಗೆ ನಿಜವಾಗಿ ಕೆಲಸ ಮಾಡುವುದು ಇದೇ.

ಕಾರಣ ಗೋಡೆ. ಮಂಗಳೂರು, ಉಡುಪಿಯ ಬಿಡಿ ಮನೆಗಳಲ್ಲಿ ಹೆಚ್ಚಿನವು ಮುರಕಲ್ಲಿನವು, ಅಂದರೆ ಜಂಬಿಟ್ಟಿಗೆಯವು. ಗಾರೆ ಸೇರಿದರೆ ಗೋಡೆ 9–10 ಇಂಚು ದಪ್ಪ. ಕಲ್ಲಿನ ಮೈತುಂಬ ಸಣ್ಣ ಸಣ್ಣ ರಂಧ್ರ, ಮಳೆಗಾಲದಲ್ಲಿ ಹೊರಗೋಡೆ ಪಸೆ ಹಿಡಿದು ಕೂರುತ್ತದೆ. ನೀರು ವೈಫೈಯ ಅಲೆಯನ್ನು ಹೀರಿಕೊಳ್ಳುತ್ತದೆ, ರೂಟರಿನ ಎರಡು ಬ್ಯಾಂಡುಗಳಾದ 2.4 ಮತ್ತು 5 ಗಿಗಾಹರ್ಟ್ಸಿನಲ್ಲಿ 5ರ ಅಲೆಯನ್ನಂತೂ ಇನ್ನೂ ಹೆಚ್ಚು. ಹಲವರ ಗಮನಕ್ಕೆ ಬಾರದ ಇನ್ನೊಂದು ವಿಷಯ: ಅಲೆ ಗೋಡೆಯನ್ನು ನೇರವಾಗಿ ದಾಟಿದರೆ 9 ಇಂಚು, 45 ಡಿಗ್ರಿ ಓರೆಯಾಗಿ ದಾಟಿದರೆ ಹೆಚ್ಚುಕಡಿಮೆ 13 ಇಂಚು. ಮನೆಯ ಒಂದು ಮೂಲೆಯಲ್ಲಿ ರೂಟರ್ ಇಟ್ಟರೆ ಎದುರು ಮೂಲೆಗೆ ಹೋಗುವ ಅಲೆ ಪ್ರತಿ ಗೋಡೆಯನ್ನೂ ಹೀಗೆ ಓರೆಯಾಗಿಯೇ ದಾಟಬೇಕು. ಕಾಂಕ್ರೀಟು ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳಿನ ಜಾಲ ಇರುವುದರಿಂದ ಉಪ್ಪರಿಗೆಗೂ ಸಿಗ್ನಲ್ ಸೊರಗಿಯೇ ತಲುಪುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಮರದ ಹಲಗೆಯ ಮಾಳಿಗೆ ಇದ್ದರೆ ಮೇಲಕ್ಕೆ ಆರಾಮವಾಗಿ ಹೋಗುತ್ತದೆ. ಅಲ್ಲಿಯೂ ಅಡ್ಡ ಬರುವುದು ಗೋಡೆಯೇ.

ತೊಂದರೆ ಲೈನಿನದ್ದೋ, ಗಾಳಿಯದ್ದೋ

ಏನನ್ನೂ ಕೊಳ್ಳುವ ಮೊದಲು ಇದು ತಿಳಿಯಬೇಕು. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ಲಿನಿಂದ ನೇರ ರೂಟರಿಗೆ ಜೋಡಿಸಿ, ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ 9 ಗಂಟೆಯ ಹೊತ್ತಿಗೆ ಒಮ್ಮೆ. 100ರ ಪ್ಲಾನಿಗೆ 90–95 ಬಂದರೆ ಲೈನ್ ಸರಿ ಉಂಟು. 200 ಅಥವಾ 300ರ ಪ್ಲಾನ್ ಇದ್ದೂ ಅಂಕಿ 94ರ ಸುತ್ತಮುತ್ತಲೇ ನಿಂತರೆ ಎಲ್ಲೋ 100 ಎಂಬಿಪಿಎಸ್‌ನ ಕೊಂಡಿ ಇದೆ ಎಂದರ್ಥ: ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟು ಹಳೆಯ ಕಾಲದ್ದು, ಇಲ್ಲವೇ ಕೇಬಲ್ಲಿನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದೆ. ನಾಲ್ಕೇ ಎಳೆಗಳಲ್ಲಿ 100 ನಡೆಯುತ್ತದೆ, ಗಿಗಾಬಿಟ್ಟಿಗೆ ಎಂಟೂ ಬೇಕು. ಮೊದಲು ಕೇಬಲ್ ಬದಲಿಸಿ ನೋಡಿ.

ವೈರಿನಲ್ಲೇ ವೇಗ ಕಡಿಮೆ ಇದ್ದರೆ ವೈಫೈಯನ್ನು ಎಷ್ಟು ಸರಿಪಡಿಸಿದರೂ ವ್ಯರ್ಥ, ಕಂಪನಿಗೆ ಫೋನ್ ಮಾಡಬೇಕು. ಮಾಡುವ ಮೊದಲು ರೂಟರಿನ ಒಳಪುಟದಲ್ಲಿ (ಬ್ರೌಸರಿನಲ್ಲಿ ತೆರೆಯುವ ಸೆಟ್ಟಿಂಗ್ ಪುಟ, ವಿವರ ಮುಂದೆ ಇದೆ) ಆಪ್ಟಿಕಲ್ ಎಂಬ ವಿಭಾಗ ಇದ್ದರೆ ಬರುವ ಬೆಳಕಿನ ಶಕ್ತಿ, ಅಂದರೆ ಆರ್‌ಎಕ್ಸ್ ಪವರ್, ಎಷ್ಟಿದೆ ನೋಡಿಕೊಳ್ಳಿ. -20ರ ಆಸುಪಾಸು ಇದ್ದರೆ ಚೆನ್ನಾಗಿದೆ. -27 ದಾಟಿದರೆ ಕನೆಕ್ಷನ್ ಆಗಾಗ ಬಿದ್ದುಹೋಗುತ್ತದೆ. ಬಿರುಮಳೆಗೆ ಗೆಲ್ಲು ಮುರಿದುಬಿದ್ದು ವೈರ್ ಮಡಚಿಕೊಂಡರೆ ಈ ಅಂಕಿ ಕುಸಿಯುತ್ತದೆ. ‘ನೆಟ್ ಸ್ಲೋ’ ಎನ್ನುವುದಕ್ಕಿಂತ ‘ಪವರ್ -28 ಬರ್ತಾ ಇದೆ’ ಎಂದರೆ ಲೈನ್‌ಮ್ಯಾನಿಗೆ ಎಲ್ಲಿ ನೋಡಬೇಕೆಂದು ತಕ್ಷಣ ಗೊತ್ತಾಗುತ್ತದೆ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ಅಲ್ಲಿ ನಿಮ್ಮ ಕೈಯಲ್ಲಿ ಆಗುವುದು ಏನೂ ಇಲ್ಲ.

ಲೈನ್ ಸರಿ ಇದ್ದರೆ ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ತರದ ಒಂದು ಆ್ಯಪ್ ಹಾಕಿಕೊಂಡು ಕೋಣೆ ಕೋಣೆ ತಿರುಗಿ. ಅದು ಸಿಗ್ನಲನ್ನು ಡಿಬಿಎಂ ಎಂಬ ಶಕ್ತಿಯ ಅಳತೆಯಲ್ಲಿ ತೋರಿಸುತ್ತದೆ, ಅಂಕಿ ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು. ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳನ್ನು ನಂಬಬೇಡಿ. -50 ಅಂದರೆ ಬಹಳ ಒಳ್ಳೆಯದು, -67ರ ತನಕ ವಿಡಿಯೊ ಕಾಲ್ ನಿಶ್ಚಿಂತೆಯಿಂದ ನಡೆಯುತ್ತದೆ, -75ಕ್ಕೆ ಮೆಸೇಜು ಹೋಗುತ್ತದೆ, ವಿಡಿಯೊ ತಿರುಗುತ್ತಾ ಕೂರುತ್ತದೆ, -80ರಲ್ಲಿ ಏನೂ ಇಲ್ಲ. 10 ಅಂಕಿ ಇಳಿದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದ ಹಾಗೆ. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ, ಮಂಚ, ಓದುವ ಮೇಜು, ಟಿವಿ ಇರುವ ಜಾಗಗಳ ಅಂಕಿಯನ್ನು 2.4ಕ್ಕೂ 5ಕ್ಕೂ ಬೇರೆ ಬೇರೆಯಾಗಿ ಬರೆದಿಡಿ. ಬಾಗಿಲು ಹಾಕಿ ಅಳೆಯಿರಿ, ರಾತ್ರಿ ಬಾಗಿಲು ಹಾಕಿಯೇ ಇರುತ್ತದಲ್ಲ.

ರೂಟರ್ ಜಾಗ ಬದಲಿಸುವುದು

ಟಿವಿಯ ಬೆನ್ನ ಹಿಂದೆ, ಸ್ಟೀಲಿನ ಕಪಾಟಿನ ಮೇಲೆ, ಫ್ರಿಜ್ಜಿನ ಪಕ್ಕ, ದೊಡ್ಡ ಕನ್ನಡಿಯ ಹಿಂದೆ, ಮೀನಿನ ಟ್ಯಾಂಕಿನ ಬದಿಯಲ್ಲಿ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಒಂದೆರಡು ಅಡಿ ಸರಿಸಿದರೂ ಅಂಕಿ ಎದ್ದುಕಾಣುವಷ್ಟು ಸುಧಾರಿಸುವುದುಂಟು. ನೆಲದಿಂದ 5–6 ಅಡಿ ಎತ್ತರ, ಮನೆಯ ನಡುಭಾಗ, ಸುತ್ತ ತೆರೆದ ಜಾಗ.

ನಡುಭಾಗ ಅಂದರೆ ಅಳತೆಯ ನಡು ಎಂದಲ್ಲ. ದಪ್ಪ ಗೋಡೆಯ ಮನೆಯಲ್ಲಿ ಸಿಗ್ನಲ್ ಹೆಚ್ಚಾಗಿ ಬಾಗಿಲುಗಳ ಮೂಲಕವೇ ಹೋಗುತ್ತದೆ. ಚಾವಡಿ, ಊಟದ ಕೋಣೆ, ಮಲಗುವ ಕೋಣೆಗಳ ಬಾಗಿಲು ಎಲ್ಲಿ ನಿಂತರೆ ಒಟ್ಟಿಗೆ ಕಾಣುತ್ತವೋ ಅಲ್ಲಿಗೆ ರೂಟರ್ ಬರಬೇಕು. ಉಪ್ಪರಿಗೆ ಇರುವ ಮನೆಯಲ್ಲಿ ಮೆಟ್ಟಿಲಿನ ತಿರುವು ಬಹಳ ಒಳ್ಳೆಯ ಜಾಗ, ಏಕೆಂದರೆ ಸ್ಲ್ಯಾಬಿನಲ್ಲಿ ಕಾಂಕ್ರೀಟು ಇಲ್ಲದ ಒಂದೇ ಒಂದು ಕಂಡಿ ಅದು.

ಹೊಸ ಜಾಗ ಸರಿಯೋ ಇಲ್ಲವೋ ಎಂದು ಗೋಡೆ ಕೊರೆಯುವ ಮೊದಲೇ ತಿಳಿಯಬಹುದು. ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಮೊದಲು ರೂಟರಿನ ಈಗಿನ ಜಾಗದಲ್ಲಿ ಇಟ್ಟು, ಇನ್ನೊಂದು ಫೋನಿನಿಂದ ಎಲ್ಲ ಕೋಣೆಗಳಲ್ಲಿ ಅಳೆಯಿರಿ. ಮತ್ತೆ ಅದೇ ಫೋನನ್ನು ಹೊಸ ಜಾಗದಲ್ಲಿ ಇಟ್ಟು ಅಳೆಯಿರಿ. ಫೋನಿನ ಶಕ್ತಿ ರೂಟರಿಗಿಂತ ಕಡಿಮೆ ಇದ್ದರೂ ಹೋಲಿಕೆಗೆ ಅಡ್ಡಿಯಿಲ್ಲ. ಕೆಟ್ಟ ಕೋಣೆಯಲ್ಲಿ 8–10 ಅಂಕಿ ಏರಿದರೆ ಜಾಗ ಬದಲಿಸುವುದು ಸಾರ್ಥಕ.

ಕಂಪನಿ ಕೊಟ್ಟದ್ದು ಎರಡು ಡಬ್ಬಿಯಾದರೆ, ಅಂದರೆ ಫೈಬರ್ ಬರುವ ಒಎನ್‌ಟಿ ಬೇರೆ, ರೂಟರ್ ಬೇರೆ ಆಗಿದ್ದರೆ ಕೆಲಸ ಸುಲಭ: ಒಎನ್‌ಟಿ ಅಲ್ಲೇ ಇರಲಿ, ಲ್ಯಾನ್ ಕೇಬಲ್ ಉದ್ದ ಮಾಡಿ ರೂಟರನ್ನು ಮಾತ್ರ ಒಳಗೆ ತನ್ನಿ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಫೈಬರನ್ನೇ ಉದ್ದ ಮಾಡಬೇಕು. ಲೈನ್‌ಮ್ಯಾನಿಗೆ ಹೇಳಿದರೆ ಹೊಸ ತುಂಡು ಬೆಸೆದುಕೊಡುತ್ತಾರೆ. ತಲೆ ಕಟ್ಟಿಯೇ ಬರುವ ಪ್ಯಾಚ್‌ಕಾರ್ಡ್ ಮತ್ತು ಎರಡು ತಲೆಗಳನ್ನು ಜೋಡಿಸುವ ಕಪ್ಲರ್ ತಂದು ನೀವೇ ಜೋಡಿಸಲೂ ಬಹುದು, ಆದರೆ ಬಣ್ಣ ನೋಡಿ: ಹಸಿರು ತಲೆಗೆ ಹಸಿರೇ, ನೀಲಿಗೆ ನೀಲಿಯೇ. ಹಸಿರು ತಲೆಯ ಗಾಜಿನ ತುದಿ 8 ಡಿಗ್ರಿ ಓರೆಯಾಗಿ ಕತ್ತರಿಸಿದ್ದು. ಅದನ್ನು ನೀಲಿಗೆ ಒತ್ತಿದರೆ ತುದಿಗಳು ಸರಿಯಾಗಿ ಕೂರುವುದಿಲ್ಲ, ಬೆಳಕು ಸೋರುತ್ತದೆ, ತುದಿಗೆ ಗೀರೂ ಬೀಳಬಹುದು. ತಿರುವಿನಲ್ಲಿ ಫೈಬರನ್ನು 6 ಸೆಂಟಿಮೀಟರ್ ಅಗಲದ ಲೋಟದ ಸುತ್ತಿಗಿಂತ ಬಿಗಿಯಾಗಿ ಬಗ್ಗಿಸಬೇಡಿ, ಮೊಳೆ ಬಡಿದು ಜಜ್ಜಬೇಡಿ. ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಅದು ಲೇಸರ್.

ಆಂಟೆನಾ ವಿಷಯ ಚಿಕ್ಕದು. ಕಡ್ಡಿ ಆಂಟೆನಾದ ಸಿಗ್ನಲ್ ಉದ್ದಿನವಡೆಯ ಆಕಾರದಲ್ಲಿ ಕಡ್ಡಿಯ ಸುತ್ತ ಹರಡುತ್ತದೆ, ತುದಿಯ ಕಡೆಗೆ ಬಹಳ ಕಡಿಮೆ. ಒಂದೇ ಮಹಡಿಗಾದರೆ ಎಲ್ಲವೂ ನೆಟ್ಟಗೆ ನಿಲ್ಲಲಿ. ಉಪ್ಪರಿಗೆಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ. ಎಂಟು ಆಂಟೆನಾದ ದುಬಾರಿ ರೂಟರ್ ತಂದರೆ ಎಲ್ಲ ಗೋಡೆ ದಾಟುತ್ತದೆ ಎಂಬ ನಂಬಿಕೆ ಬೇಡ. ರೂಟರಿನ ಕೂಗು ಫೋನಿಗೆ ಕೇಳಿಸಿದರೂ ಪುಟ್ಟ ಫೋನಿನ ಉತ್ತರ ವಾಪಸ್ ಗೋಡೆ ದಾಟಬೇಕಲ್ಲ. ಗೆರೆ ತುಂಬಿದ್ದೂ ನೆಟ್ ನಡೆಯದ ಎಷ್ಟೋ ಮನೆಗಳಲ್ಲಿ ಆಗಿರುವುದು ಇದು.

ಸೆಟ್ಟಿಂಗಿನಲ್ಲಿ ಬದಲಿಸಬೇಕಾದ್ದು

ರೂಟರಿನ ಅಡಿಯ ಚೀಟಿಯಲ್ಲಿ ಒಳಪುಟದ ವಿಳಾಸ, ಹೆಸರು, ಪಾಸ್‌ವರ್ಡ್ ಇರುತ್ತದೆ. ವಿಳಾಸ ಹೆಚ್ಚಾಗಿ 192.168.1.1. ಒಳಗೆ ಹೋದ ಕೂಡಲೇ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ವ್ಯಾನ್, ಪಿಪಿಪಿಒಇ, ವಿಲ್ಯಾನ್ ಎಂದಿರುವ ಕಡೆ ಏನನ್ನೂ ಮುಟ್ಟಬೇಡಿ. ಹಿಂಬದಿಯ ಸಣ್ಣ ರೀಸೆಟ್ ತೂತಿಗೆ ಪಿನ್ ಚುಚ್ಚುವುದಂತೂ ಬೇಡವೇ ಬೇಡ: ಕಂಪನಿ ತುಂಬಿದ ವಿವರ ಅಳಿಸಿಹೋದರೆ ಅವರೇ ಬಂದು ತುಂಬುವ ತನಕ ಮನೆಯಲ್ಲಿ ನೆಟ್ ಇಲ್ಲ. ಆಫ್ ಮಾಡಿ ಆನ್ ಮಾಡುವುದೇ ಬೇರೆ, ರೀಸೆಟ್ ಬೇರೆ.

2.4 ಗಿಗಾಹರ್ಟ್ಸಿಗೆ ಚಾನೆಲಿನ ಅಗಲ (ಚಾನೆಲ್ ವಿಡ್ತ್) 20 ಮೆಗಾಹರ್ಟ್ಸ್ ಎಂದಿಡಿ, ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ. ಪಕ್ಕದ ಮನೆಯ ರೂಟರ್ ನಿಮ್ಮದೇ ಚಾನೆಲಿನಲ್ಲಿದ್ದರೆ ಎರಡೂ ಒಂದಕ್ಕೊಂದು ಕಿವಿಗೊಟ್ಟು ಸರದಿಯಲ್ಲಿ ಮಾತಾಡುತ್ತವೆ. ನೀವು ಜಾಣತನ ಮಾಡಿ 3 ಅಥವಾ 4ಕ್ಕೆ ಹಾಕಿದರೆ 1 ಮತ್ತು 6 ಎರಡರ ಮೇಲೂ ಅರ್ಧರ್ಧ ಹಾಯುತ್ತದೆ. ಆಗ ಯಾರ ಮಾತೂ ಯಾರಿಗೂ ಅರ್ಥವಾಗದ ಗದ್ದಲ. ಕದ್ರಿ, ಬಿಜೈಯ ಅಪಾರ್ಟ್‌ಮೆಂಟುಗಳಲ್ಲಿ, ಮಣಿಪಾಲದ ಪಿಜಿಗಳಲ್ಲಿ ತೊಂದರೆ ಗೋಡೆಗಿಂತ ಈ ಗದ್ದಲದಿಂದಲೇ ಹೆಚ್ಚು. ಅಲ್ಲಿ ಸಾಧ್ಯವಾದ ಎಲ್ಲ ಸಾಧನಗಳನ್ನೂ 5ಕ್ಕೆ ಹಾಕುವುದೇ ಪರಿಹಾರ. 5 ಬೇಗ ಸೊರಗುತ್ತದೆ ಎನ್ನುವುದು ಅಲ್ಲಿ ವರವೇ, ಪಕ್ಕದ ಫ್ಲ್ಯಾಟಿನದ್ದೂ ನಿಮ್ಮಲ್ಲಿಗೆ ಬರುವುದಿಲ್ಲ.

5ರಲ್ಲಿ ಅಗಲ 80, ಚಾನೆಲ್ 36ರಿಂದ 48 ಅಥವಾ 149ರಿಂದ 161ರ ಒಳಗೆ ಇರಲಿ. ನಡುವಿನ 52ರಿಂದ 144ರ ಚಾನೆಲುಗಳಲ್ಲಿ ರೇಡಾರಿನ ಸದ್ದು ಕೇಳಿದರೆ ರೂಟರ್ ಕೂಡಲೇ ಜಾಗ ಖಾಲಿ ಮಾಡಬೇಕೆಂಬ ನಿಯಮ ಇರುವುದರಿಂದ ಕಾರಣವಿಲ್ಲದೆ ಕನೆಕ್ಷನ್ ಹೋಗಿಬರಬಹುದು. ಗೋಡೆಗಳಾಚೆ ಫೋನ್ ತಾನಾಗಿ ತಪ್ಪು ಬ್ಯಾಂಡ್ ಹಿಡಿಯುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಹೆಚ್ಚಿನ ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಿಗೆ 2.4 ಮಾತ್ರ ಗೊತ್ತು, ಹಾಗಾಗಿ ಅದನ್ನು ಪೂರ್ತಿ ಆಫ್ ಮಾಡಬೇಡಿ. ಸೆಕ್ಯುರಿಟಿ ಡಬ್ಲ್ಯೂಪಿಎ2 ಅಥವಾ 3, ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಆಫ್.

ವೈರ್ ಎಳೆದು ಎರಡನೇ ರೂಟರ್

ಎರಡು ಗೋಡೆಯಾಚೆಗೆ, ಉಪ್ಪರಿಗೆಯ ಹಿಂದಿನ ಕೋಣೆಗೆ ಇದಕ್ಕೆ ಸಮನಾದದ್ದು ಬೇರೆ ಇಲ್ಲ. ಬೇಕಾದ್ದು: ಕ್ಯಾಟ್ 6 ಕೇಬಲ್, ಸಾಮಾನ್ಯ ಮನೆಗೆ 15–25 ಮೀಟರ್ (ಒಂದು ಎಳೆತಕ್ಕೆ ಮಿತಿ 100 ಮೀಟರ್), ಆರ್‌ಜೆ45 ತಲೆಗಳು (ಕೇಬಲ್ಲಿನ ತುದಿಯ ಪ್ಲಗ್ಗು) ಆರೇಳು, ಅವನ್ನು ಕಚ್ಚಿಸುವ ಕ್ರಿಂಪಿಂಗ್ ಟೂಲ್, ಟೆಸ್ಟರ್, ಮತ್ತು ಗಿಗಾಬಿಟ್ ಪೋರ್ಟಿನ ಎರಡು ಬ್ಯಾಂಡಿನ ಒಂದು ರೂಟರ್. ಟೂಲ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಕಂಪ್ಯೂಟರ್ ಅಂಗಡಿಯಲ್ಲಿ ಅಳತೆ ಕೊಟ್ಟು ತಲೆ ಕಟ್ಟಿಸಬಹುದು, ಆದರೆ ಪೈಪಿನೊಳಗೆ ಎಳೆಯಬೇಕಾದರೆ ಒಂದು ತುದಿ ಖಾಲಿ ಇರಬೇಕು.

ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಕೇಳಿ. ಅಗ್ಗದ ಕೇಬಲ್ಲಿನಲ್ಲಿ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ನಮ್ಮ ಉಪ್ಪುಗಾಳಿಗೆ, ಅದರಲ್ಲೂ ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲಬದಿಯಲ್ಲಿ ಅದು ಬೇಗ ತುಕ್ಕು ಹಿಡಿಯುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ.

ಗೋಡೆಯ ಪೈಪಿನೊಳಗೆ ಹಳೆಯ ಡಿಶ್ ಟಿವಿಯ ಕೇಬಲ್ ಬಳಕೆಯಿಲ್ಲದೆ ಕೂತಿದ್ದರೆ ಅದೃಷ್ಟ. ಅದರ ತುದಿಗೆ ಹೊಸ ಲ್ಯಾನ್ ಕೇಬಲ್ಲನ್ನು ಮೂರು ಇಂಚು ಒಂದರ ಪಕ್ಕ ಒಂದು ಇಟ್ಟು, ಇನ್ಸುಲೇಶನ್ ಟೇಪನ್ನು ತೆಳ್ಳಗೆ, ತುದಿ ಚೂಪಾಗುವ ಹಾಗೆ ಸುತ್ತಿ. ಜೊತೆಗೆ ಒಂದು ನೈಲಾನ್ ದಾರವನ್ನೂ ಕಟ್ಟಿ, ಮುಂದಿನ ಸಲಕ್ಕೆ ಅದು ಪೈಪಿನಲ್ಲೇ ಉಳಿಯಲಿ. ಒಬ್ಬರು ಈ ಬದಿಯಿಂದ ಮೆಲ್ಲ ತಳ್ಳಬೇಕು, ಇನ್ನೊಬ್ಬರು ಆ ಬದಿಯಿಂದ ಎಳೆಯಬೇಕು. ತಿರುವಿನಲ್ಲಿ ಸಿಕ್ಕಿದರೆ ಜಗ್ಗಬೇಡಿ, ಅರ್ಧ ಅಡಿ ಹಿಂದೆ ತೆಗೆದು ತಿರುಚಿ ಮತ್ತೆ ಎಳೆಯಿರಿ. ಕರೆಂಟಿನ ವೈರ್ ಇರುವ ಪೈಪಿಗೆ ಮಾತ್ರ ಹಾಕಬಾರದು.

ಪೈಪ್ ಇಲ್ಲದಿದ್ದರೆ ಹೊರಗೋಡೆಯ ಮೂಲಕ ಮೇಲಕ್ಕೆ ಒಯ್ಯಬೇಕಾಗುತ್ತದೆ. ಒಂದಡಿ ಉದ್ದದ 8 ಮಿಲಿಮೀಟರ್ ಬಿಟ್ಟಿನಿಂದ ಒಳಗಿನಿಂದ ಹೊರಕ್ಕೆ, ಸ್ವಲ್ಪ ಕೆಳಮುಖವಾಗಿ ಕೊರೆಯಿರಿ, ಮಳೆನೀರು ಒಳಗೆ ಇಳಿಯಬಾರದು. ಮುರಕಲ್ಲು ಮೆದು, ಬೇಗ ಹೋಗುತ್ತದೆ. ಕೊನೆಯ ಒಂದಿಂಚಿನಲ್ಲಿ ಒತ್ತಡ ಕಡಿಮೆ ಮಾಡದಿದ್ದರೆ ಹೊರಗಿನ ಗಾರೆ ಹಪ್ಪಳದ ಹಾಗೆ ಎದ್ದುಬರುತ್ತದೆ. ತಲೆ ಕಟ್ಟಿದ ಕೇಬಲ್ ಈ ತೂತಿನಲ್ಲಿ ತೂರುವುದಿಲ್ಲ, ಹಾಯಿಸಿದ ಮೇಲೆ ಕಟ್ಟಬೇಕು. ಹೊರಗೆ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ ಬೇಕು, ಒಳಗಿನದ್ದು ಬಿಸಿಲಿಗೆ ಸೀಳುತ್ತದೆ. ತೂತಿಗೆ ಬರುವ ಮೊದಲು ಕೇಬಲ್ ಒಂದು ಗೇಣು ಕೆಳಗಿಳಿದು ಮೇಲೇರುವ ಹಾಗೆ ಬಳಸಿ ತಂದರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಉಳಿದ ಸಂದಿಗೆ ಸಿಲಿಕೋನ್ ತುಂಬಿ.

ತಲೆ ಕಟ್ಟುವ ಕ್ರಮ, ತಲೆಯ ಕೊಕ್ಕೆ ಕೆಳಗಿರುವಂತೆ ಹಿಡಿದು ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ಹಸಿರಿನ ಜೋಡಿ ನೀಲಿಯ ಆಚೀಚೆ ಕೂರುವುದನ್ನು ಗಮನಿಸಿ. ಬಣ್ಣಗಳನ್ನು ಚಂದಕ್ಕೆ ಜೋಡಿ ಜೋಡಿಯಾಗಿ ಇಟ್ಟರೆ ಟೆಸ್ಟರಿನ ಎಂಟೂ ದೀಪ ಕ್ರಮವಾಗಿ ಉರಿಯುತ್ತವೆ, ಆದರೆ ವೇಗ ಬರುವುದಿಲ್ಲ, ಏಕೆಂದರೆ ಒಟ್ಟಿಗೆ ಹೊಸೆದ ಎಳೆಗಳೇ ಒಂದು ಜೋಡಿಯಾಗಿ ಕೆಲಸ ಮಾಡಿದರೆ ಮಾತ್ರ ಹೊರಗಿನ ಗದ್ದಲ ಕಳೆದುಹೋಗುತ್ತದೆ. ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ, ಹೊರಸಿಪ್ಪೆ ತಲೆಯೊಳಗೆ ಹೋಗಿ ಕಚ್ಚಿಕೊಂಡಿರಲಿ.

ಹೊಸ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈರಿನಿಂದ ಬಂದ ನೆಟ್ಟನ್ನು ವೈಫೈಯಾಗಿ ಹರಡುವುದಷ್ಟೇ) ಇದ್ದರೆ ಅದನ್ನು ಆರಿಸಿದರೆ ಸಾಕು. ಎರಡನೆಯದಾಗಿ ಬಳಸುವ ರೂಟರ್ ಹಳೆಯದಾಗಿದ್ದು ಆ ಮೋಡ್ ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಮಾತ್ರ ಜೋಡಿಸಿ, ಅದರ ವಿಳಾಸವನ್ನು 192.168.1.2 ಮಾಡಿ (ಕೆಳಗಿನದ್ದು 192.168.1.1 ಆಗಿದ್ದರೆ), ಹೊಸ ವಿಳಾಸದಿಂದ ಮತ್ತೆ ಒಳಹೋಗಿ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲ್ಲನ್ನು ಇದರ ಲ್ಯಾನ್ ಪೋರ್ಟಿಗೆ ಹಾಕಿ. ಹೊರಗಿನ ನೆಟ್ ಬರಲೆಂದು ಇರುವ ವ್ಯಾನ್ ಪೋರ್ಟಿಗಲ್ಲ. ಡಿಎಚ್‌ಸಿಪಿ ಎರಡರಲ್ಲೂ ಆನ್ ಇದ್ದರೆ ಕೆಲವು ಫೋನುಗಳು ತಪ್ಪು ರೂಟರಿನಿಂದ ವಿಳಾಸ ಪಡೆದು ‘ಕನೆಕ್ಟೆಡ್, ಇಂಟರ್ನೆಟ್ ಇಲ್ಲ’ ಎನ್ನುತ್ತವೆ. ವ್ಯಾನ್‌ಗೆ ಹಾಕಿದರೆ ಉಪ್ಪರಿಗೆ ಬೇರೆಯೇ ನೆಟ್‌ವರ್ಕ್ ಆಗಿ, ಮೇಲಿನ ಫೋನಿನಿಂದ ಕೆಳಗಿನ ಟಿವಿಗೆ ವಿಡಿಯೊ ಕಳಿಸಲು ಆಗುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ, ಚಾನೆಲ್ ಮಾತ್ರ ಬೇರೆ: ಕೆಳಗೆ 1 ಇದ್ದರೆ ಮೇಲೆ 11. ಮೇಲೆ ಹೋದರೂ ಫೋನ್ ಕೆಳಗಿನ ರೂಟರಿಗೇ ಅಂಟಿಕೊಂಡಿದ್ದರೆ ಎರಡರ 2.4ರ ಶಕ್ತಿಯನ್ನೂ ಮೀಡಿಯಮ್ಮಿಗೆ ಇಳಿಸಿ.

ವೈರ್ ಎಳೆಯಲು ದಾರಿಯೇ ಇಲ್ಲದ ಬಾಡಿಗೆ ಮನೆಯಾದರೆ ಮೂರು ಬ್ಯಾಂಡಿನ ಮೆಶ್ ಸೆಟ್ (ಒಂದಕ್ಕೊಂದು ವೈಫೈಯಲ್ಲೇ ಕೂಡಿಕೊಂಡು ಒಂದೇ ನೆಟ್‌ವರ್ಕ್ ಆಗುವ ಡಬ್ಬಿಗಳು) ಪರವಾಗಿಲ್ಲ. ರಿಪೀಟರ್ ಬಳಸುವುದೇ ಆದರೆ ಅದನ್ನು ದಾರಿಯ ನಡುವೆ, -60ರಿಂದ -65 ಸಿಗುವಲ್ಲಿ ಇಡಿ. ಕೇಳಿದ್ದನ್ನು ಅದೇ ಚಾನೆಲಿನಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧವಾಗುತ್ತದೆ.

ಸಿಡಿಲು ಮತ್ತು ಕರೆಂಟು

ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲಿಗೂ ಮಳೆ ಹಿಂದೆ ಸರಿಯುವ ಅಕ್ಟೋಬರಿನ ಗುಡುಗಿಗೂ ಇಲ್ಲಿ ಎಷ್ಟು ರೂಟರ್ ಸುಟ್ಟುಹೋಗುತ್ತವೆ ಎಂದು ರಿಪೇರಿ ಅಂಗಡಿಯವರಿಗೆ ಗೊತ್ತು. ಫೈಬರಿನ ಗಾಜು ವಿದ್ಯುತ್ ತರುವುದಿಲ್ಲ, ಆದರೆ ಕಂಬದಿಂದ ಅದನ್ನು ಎತ್ತಿ ಹಿಡಿಯುವ ಉಕ್ಕಿನ ತಂತಿ ತರುತ್ತದೆ. ಆ ತಂತಿ ಮನೆಯ ಹೊರಗೇ ಮುಗಿಯುವಂತೆ ಮಾಡಿಸಿ. ಉಳಿದ ಆಘಾತ ಬರುವುದು ಅಡಾಪ್ಟರಿನ ಮೂಲಕ, ಹೊರಗೋಡೆಯ ಲ್ಯಾನ್ ಕೇಬಲ್ಲಿನ ಮೂಲಕ. ದೂರದಲ್ಲಿ ಗುಡುಗು ಕೇಳಿದಾಗಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು, ಹೊರಗಿನ ಲ್ಯಾನ್ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಿಡಿ.

ಕರೆಂಟು ಹೋದ ಕೂಡಲೇ ನೆಟ್ ಹೋಗಬಾರದಾದರೆ ರೂಟರಿಗೆಂದೇ ಬರುವ ಮಿನಿ ಯುಪಿಎಸ್ ಸಾಕು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. 12 ವೋಲ್ಟ್ 1.5 ಆಂಪಿಯರ್ ಬೇಡುವ ರೂಟರಿಗೆ 1 ಆಂಪಿಯರಿನದ್ದು ಹಾಕಿದರೆ ದೀಪ ಉರಿಯುತ್ತದೆ, ಆದರೆ ಬಳಕೆ ಹೆಚ್ಚಾದಾಗ ರೂಟರ್ ತಾನಾಗಿ ಆಫ್ ಆಗಿ ಆನ್ ಆಗುತ್ತಿರುತ್ತದೆ. ಎರಡನೇ ರೂಟರಿಗೂ ಬ್ಯಾಕಪ್ ಬೇಕು ಎನ್ನುವುದು ಮರೆಯದಿರಲಿ.

ಎಲ್ಲ ಆದ ಮೇಲೆ ಅದೇ ನಕ್ಷೆ ಹಿಡಿದು ಅದೇ ಜಾಗಗಳಲ್ಲಿ ಅಳೆಯಿರಿ. ಕೆಲಸ ಮಾಡುವ, ಓದುವ ಜಾಗಗಳಲ್ಲಿ -65ಕ್ಕಿಂತ ಚೆನ್ನಾಗಿರಬೇಕು. ಜುಲೈಯಲ್ಲಿ ಗೋಡೆ ಚೆನ್ನಾಗಿ ನೆನೆದ ಮೇಲೆ ಇನ್ನೊಮ್ಮೆ ಅಳೆದು ಬೇಸಿಗೆಯ ಅಂಕಿಯ ಪಕ್ಕ ಬರೆಯಿರಿ. ಯಾವ ಕೋಣೆಯಲ್ಲಿ 5ರ ಅಂಕಿ -70ಕ್ಕಿಂತ ಕೆಳಗೆ ಇಳಿದಿದೆಯೋ ಆ ಕೋಣೆಯ ಸಾಧನಗಳನ್ನು ಮಳೆಗಾಲ ಮುಗಿಯುವ ತನಕ 2.4ಕ್ಕೆ ಹಾಕಿಡಿ.